ಆರು ತಿಂಗಳ ಸುಲ್ತಾನ ಮಲ್ಲು ಆದಿಲ್ ಶಾಹ: ಇದು ಅವನ ಕತೆಯೋ, ಅವನ ಅಜ್ಜಿಯ ಕತೆಯೋ?

ಗುಮ್ಮಟದ ಪಿಸುಮಾತು

ಕಳೆದ ತಿಂಗಳು ಅಪ್ಪನನ್ನು ಕರೆದುಕೊಂಡು ವಿಜಯಪುರಕ್ಕೆ ಹೋಗಿದ್ದೆ. ಗೋಳಗುಮ್ಮಟದ ಮುಂದೆ ಗೈಡ್ ಒಬ್ಬರು ಆದಿಲ್‌ಶಾಹಿ ಅರಸರ ಹೆಸರುಗಳನ್ನು ಮಗ್ಗಿ ಒಪ್ಪಿಸುವ ಹಾಗೆ ಹೇಳುತ್ತಿದ್ದರು. ಯೂಸುಫ್, ಇಸ್ಮಾಯಿಲ್, ಇಬ್ರಾಹಿಂ, ಅಲಿ... ನಾನು ಬೆರಳು ಮಡಚುತ್ತಾ ನಿಂತಿದ್ದೆ. ಎಂಟಕ್ಕೇ ಮುಗಿಯಿತು. ಒಂಬತ್ತಾಗಬೇಕಿತ್ತು. "ಮಲ್ಲು ಎಲ್ಲಿ ಹೋದ ಸರ್?" ಅಂದೆ. "ಅವನದೇನು ಬಿಡಿ, ಆರು ತಿಂಗಳು ಇದ್ದ, ಕೆಟ್ಟವನು, ಕಣ್ಣು ಕೀಳಿಸಿದರು" ಅಂತ ಹೇಳಿ ಪಿಸುಗುಟ್ಟುವ ಗ್ಯಾಲರಿ ಕಡೆ ಹೊರಟೇಬಿಟ್ಟರು.

ಬಸ್ಸಲ್ಲಿ ವಾಪಸ್ ಬರುವಾಗಲೂ ಅದೇ ತಲೆಯಲ್ಲಿ. ಹಾಗಾಗಿ ನನಗೆ ಗೊತ್ತಿರುವುದನ್ನು ಇಲ್ಲಿ ಹಾಕುತ್ತಿದ್ದೇನೆ, ಜಾಸ್ತಿ ಓದಿದವರು ತಿದ್ದಿ.

ಮಲ್ಲುವಿನ ಅಪ್ಪ ಇಸ್ಮಾಯಿಲ್ ಆದಿಲ್ ಶಾಹ. 1510ರಿಂದ 1534ರವರೆಗೆ ಆಳಿದವನು. ಗೋಲ್ಕೊಂಡದವರ ಮೇಲೆ ಹೋಗಿ, ಈಗಿನ ತೆಲಂಗಾಣದ ಕೋಯಿಲಕೊಂಡ ಕೋಟೆಗೆ ಮುತ್ತಿಗೆ ಹಾಕಿದ್ದಾಗ ಕಾಯಿಲೆ ಬಿದ್ದು ತೀರಿಕೊಂಡ. ದಂಡಿನಲ್ಲಿ ಗಲಾಟೆ ಆಗಬಾರದು ಅಂತ ಬೆಳಗಾವಿಯ ಜಹಗೀರುದಾರ ಅಸದ್ ಖಾನ್ ಲಾರಿ ಸಾವಿನ ಸುದ್ದಿ ಮುಚ್ಚಿಟ್ಟ. ಹೆಣವನ್ನು ಗುಟ್ಟಾಗಿ ಅವನ ಅಪ್ಪ ಯೂಸುಫ್‌ನ ಗೋರಿ ಇರುವ ಗೋಗಿಗೆ ಕಳಿಸಿದರು. ದೊಡ್ಡ ಮಗ ಮಲ್ಲು ಪಟ್ಟಕ್ಕೆ ಬಂದ. ಅಪ್ಪನ ಇಷ್ಟ ಅದೇ ಆಗಿತ್ತು. ತಮ್ಮ ಇಬ್ರಾಹಿಂನನ್ನು ಕಾವಲಿನಲ್ಲಿ ಇಟ್ಟರು.

ಅಸದ್ ಖಾನನಿಗೆ ಈ ಹುಡುಗನ ಮೇಲೆ ಮೊದಲಿಂದಲೂ ನಂಬಿಕೆ ಇರಲಿಲ್ಲವಂತೆ. ಆದರೂ ದೊರೆಯ ಮಾತು ಮೀರಬಾರದು ಅಂತ ಪಟ್ಟ ಕಟ್ಟಿದ. ಆಮೇಲೆ ಮಲ್ಲುವನ್ನು ಅವನ ಅಜ್ಜಿಯ ಸುಪರ್ದಿಗೆ ಬಿಟ್ಟು ತನ್ನ ಬೆಳಗಾವಿಗೆ ಹೊರಟುಹೋದ.

ಆರು ತಿಂಗಳು ಕಳೆಯುವಷ್ಟರಲ್ಲಿ ಅದೇ ಅಜ್ಜಿ ಮೊಮ್ಮಗನನ್ನು ಇಳಿಸಿದಳು. ಸುಮ್ನೆ ಇಳಿಸಲಿಲ್ಲ, ಯೂಸುಫ್ ಅನ್ನುವ ತುರ್ಕ ಸರದಾರನ ಕೈಲಿ ಕುರುಡು ಮಾಡಿಸಿದಳು. ಜೊತೆಗೆ ಅಲು ಖಾನ್ ಅನ್ನುವ ಇನ್ನೊಬ್ಬ ಮೊಮ್ಮಗನ ಕಣ್ಣನ್ನೂ. ಇಬ್ರಾಹಿಂ ಪಟ್ಟಕ್ಕೆ ಬಂದ.

ನನಗೆ ಕಾಡುತ್ತಿರುವುದು ಇದು. ಎಲ್ಲರೂ ಮಲ್ಲು ಎಷ್ಟು ಕೆಟ್ಟವನು ಅಂತ ಹೇಳಿ ಕತೆ ಮುಗಿಸುತ್ತಾರೆ. ಒಬ್ಬರೂ ಈ ಅಜ್ಜಿ ಯಾರು ಅಂತ ಕೇಳುವುದಿಲ್ಲವಲ್ಲ?

ಸುಮ್ನೆ ಓದುಗ

ಹೆಸರು ಮಲ್ಲು ಅಂತಾನೇನಾ? ನಮ್ಮ ಕಡೆ ಮಲ್ಲಿಕಾರ್ಜುನನಿಗೆ ಮಲ್ಲು ಅಂತೀವಿ. ಬೆಂಗಳೂರಲ್ಲಿ ಅಂದ್ರೆ ಕೇರಳದವರು ಅಂದ್ಕೋತಾರೆ 😄

ನಿವೃತ್ತ ಮೇಷ್ಟ್ರು

ಮಲ್ಲಪ್ಪನೂ ಅಲ್ಲ, ಮಲಯಾಳಿಯೂ ಅಲ್ಲ. ಆ ಕಾಲದ ಮುಸ್ಲಿಂ ಸರದಾರರಲ್ಲಿ ಮಲ್ಲು ಖಾನ್ ಅನ್ನುವ ಹೆಸರು ಅಲ್ಲಲ್ಲಿ ಸಿಗುತ್ತದೆ. ತೈಮೂರ ದೆಹಲಿಯ ಮೇಲೆ ಬಂದಾಗ ಅಲ್ಲಿ ಅಧಿಕಾರ ನಡೆಸುತ್ತಿದ್ದವನೂ ಒಬ್ಬ ಮಲ್ಲು ಇಕ್ಬಾಲ್ ಖಾನ್. ಮಾಳವದಲ್ಲೂ ಒಬ್ಬ ಇದ್ದ.

ಇನ್ನು ಅಜ್ಜಿಯ ವಿಷಯ. ಆಕೆಯ ಹೆಸರು ಬೂಬೂಜಿ ಖಾನಂ. ಪೂಂಜಿ ಖಾತೂನ್ ಅಂತಲೂ ಬರೆಯುತ್ತಾರೆ. ಹುಟ್ಟಿನಿಂದ ಮರಾಠಿ. ಮುಕುಂದ ರಾವ್ ಅನ್ನುವ ಮರಾಠ ನಾಯಕನ ತಂಗಿ. ಅವನನ್ನು ಯೂಸುಫ್ ಆದಿಲ್ ಶಾಹ ಯುದ್ಧದಲ್ಲಿ ಸೋಲಿಸಿದ ಮೇಲೆ ಈಕೆಯನ್ನು ಮದುವೆಯಾದ. ಇವರಿಗೆ ಒಬ್ಬನೇ ಮಗ ಇಸ್ಮಾಯಿಲ್, ಮೂವರು ಹೆಣ್ಣುಮಕ್ಕಳು. ಅಂದರೆ ವಿಜಯಪುರದ ಎರಡನೇ ಸುಲ್ತಾನನಿಂದ ಮುಂದೆ ಬಂದ ಎಲ್ಲರ ಮೈಯಲ್ಲೂ ಈ ಹೆಂಗಸಿನ ರಕ್ತ ಇದೆ. ಪಿಸುಮಾತು ಅವರೇ, ಒಳ್ಳೇ ಪ್ರಶ್ನೆ ಎತ್ತಿದ್ದೀರಿ.

ದಾದಿಯ ಮೊಮ್ಮಗಳು

ನಮ್ಮ ಮನೆಯಲ್ಲಿ ಅಪ್ಪನ ತಾಯಿಗೆ ದಾದಿ ಅಂತೀವಿ. ಅದಕ್ಕೇ ಈ ಹೆಸರು ಇಟ್ಟುಕೊಂಡಿದ್ದೇನೆ, ಹಾಗಾಗಿ ಈ ಚರ್ಚೆಗೆ ನಾನು ಬರಲೇಬೇಕಿತ್ತು.

ಬೂಬೂಜಿಯ ಮೊದಲ ಕತೆ ಗೊತ್ತಿಲ್ಲದೆ ಎರಡನೆಯದು ಅರ್ಥ ಆಗುವುದಿಲ್ಲ. 1510ರಲ್ಲಿ ಯೂಸುಫ್ ತೀರಿಕೊಂಡಾಗ ಇಸ್ಮಾಯಿಲ್ ಇನ್ನೂ ಹುಡುಗ. ಕಮಾಲ್ ಖಾನ್ ದಖನಿ ಅನ್ನುವವನು ರಾಜ್ಯ ನೋಡಿಕೊಳ್ಳುತ್ತಿದ್ದ. ಸ್ವಲ್ಪ ದಿನಕ್ಕೆ ಅವನಿಗೇ ಸಿಂಹಾಸನದ ಆಸೆ ಹುಟ್ಟಿತು. ಮುಹೂರ್ತ ಒಳ್ಳೆಯದಿಲ್ಲ ಅಂತ ಜೋಯಿಸರು ಹೇಳಿದ್ದಕ್ಕೆ ಹೊರಗೆ ಬರದೆ ಮನೆಯೊಳಗೇ ಇದ್ದುಬಿಟ್ಟ. ಬೂಬೂಜಿ ಕಾಯುತ್ತಾ ಕೂರಲಿಲ್ಲ. ಯೂಸುಫ್ ಅನ್ನುವ ವಯಸ್ಸಾದ ತುರ್ಕನೊಬ್ಬನನ್ನು ಕರೆಸಿದಳು. ಹಜ್‌ಗೆ ಹೊರಟಿದ್ದೇನೆ, ಅಪ್ಪಣೆ ಕೊಡಿ ಅನ್ನುವ ನೆಪದಲ್ಲಿ ಅವನು ಕಮಾಲ್ ಖಾನನ ಹತ್ತಿರ ಹೋದ. ಬೀಳ್ಕೊಡುವಾಗ ಎಲೆ ಅಡಿಕೆ ಕೊಡುತ್ತಾರಲ್ಲ, ಕಮಾಲ್ ಖಾನ್ ಕೈ ಮುಂದೆ ಮಾಡಿದ. ಮುದುಕ ಬಾಕು ಹಾಕಿಯೇಬಿಟ್ಟ. ಅವನನ್ನೂ ಅಲ್ಲೇ ಕೊಂದರು.

ಇಲ್ಲಿಂದ ಮುಂದಿನದು ನಾಟಕದವರಿಗೂ ಹೊಳೆಯಲಿಕ್ಕಿಲ್ಲ. ಕಮಾಲ್ ಖಾನನ ತಾಯಿ ಅಳಲಿಲ್ಲ. ಮಗನ ಹೆಣವನ್ನು ದಿಂಬುಗಳಿಗೆ ಒರಗಿಸಿ ಬದುಕಿದ್ದಾನೆ ಅನ್ನುವ ಹಾಗೆ ಕೂರಿಸಿ, ಮೊಮ್ಮಗ ಸಫ್ದರ್ ಖಾನನನ್ನು ಅರಮನೆಯ ಮೇಲೆ ಕಳಿಸಿದಳು. ಅರಮನೆಯೊಳಗೆ ಬೆರಳೆಣಿಕೆಯಷ್ಟು ಕಾವಲಿನವರು. ಬೂಬೂಜಿ, ಇಸ್ಮಾಯಿಲನ ಸೋದರತ್ತೆಯ ಸ್ಥಾನದಲ್ಲಿದ್ದ ದಿಲ್ಶಾದ್ ಆಗಾ, ಇಬ್ಬರೂ ಕವಚ ತೊಟ್ಟು ಬಿಲ್ಲು ಹಿಡಿದು ಮಾಳಿಗೆ ಹತ್ತಿದರು. ಸಫ್ದರನ ಕಣ್ಣಿಗೆ ಬಾಣ ಬಿತ್ತು. ಅವನು ಗೋಡೆಯ ಮರೆಗೆ ಬಂದು ನಿಂತ. ಮೇಲೆ ನಿಂತಿದ್ದ ಹುಡುಗ ಇಸ್ಮಾಯಿಲ್ ಒಂದು ಕಲ್ಲು ಉರುಳಿಸಿದ. ಕತೆ ಮುಗಿಯಿತು.

ನೋಡಿ, ಎರಡೂ ಕಡೆ ಅಜ್ಜಿ ತಾಯಂದಿರೇ ಯುದ್ಧ ನಡೆಸಿದ್ದು. ಗಂಡಸರು ಬಾಣ ತಿಂದರು, ಅಷ್ಟೇ.

ಕುಂದಾ ಪ್ರಿಯ

ಅಂದ್ರೆ ಆ ಯೂಸುಫ್ ತುರ್ಕನೇ 1534ರಲ್ಲಿ ಮಲ್ಲುವಿನ ಕಣ್ಣು ತೆಗೆದವನೂ ಅಲ್ವಾ? ನಿಷ್ಠೆ ಅಂದ್ರೆ ಹೀಗಿರಬೇಕು.

ದಾದಿಯ ಮೊಮ್ಮಗಳು

ಅಣ್ಣಾ, ಆ ಮುದುಕ 1511ರಲ್ಲೇ ಸತ್ತ. ಇವನು ಬೇರೆ ಯೂಸುಫ್. ಕಿತ್ತೂರಿನ ಜಹಗೀರುದಾರ. ಇಬ್ಬರೂ ತುರ್ಕರು, ಇಬ್ಬರಿಗೂ ಬೂಬೂಜಿಯೇ ಕೆಲಸ ಕೊಟ್ಟಿದ್ದು. ಗೊಂದಲ ಆಗುವುದು ಸಹಜ.

ಕುಂದಾ ಪ್ರಿಯ

ಕಿತ್ತೂರಾ! ನಮ್ಮ ಚೆನ್ನಮ್ಮನ ಕಿತ್ತೂರು. ಚೆನ್ನಮ್ಮನಿಗಿಂತ ಸುಮಾರು ಮುನ್ನೂರು ವರ್ಷ ಮೊದಲಿನ ಸಂಗತಿ ಇದು.

ಅಸದ್ ಖಾನನ ಬಗ್ಗೆ ನಾನು ಎರಡು ಮಾತು ಹೇಳಲೇಬೇಕು, ಬೆಳಗಾವಿಯವನಾಗಿ. ಅವನ ಮೊದಲ ಹೆಸರು ಖುಸ್ರೋ. ಇರಾನಿನ ಲಾರ್ ಊರಿನವನು, ಅದಕ್ಕೇ ಲಾರಿ. ಮೇಡಂ ಹೇಳಿದ ಆ ಅರಮನೆ ಕಾಳಗದಲ್ಲಿ ಚೆನ್ನಾಗಿ ಹೋರಾಡಿದ್ದಕ್ಕೆ ಇಸ್ಮಾಯಿಲ್ ಅವನಿಗೆ ಅಸದ್ ಖಾನ್ ಅನ್ನುವ ಬಿರುದು, ಬೆಳಗಾವಿ ಜಹಗೀರು ಎರಡನ್ನೂ ಕೊಟ್ಟ. 1549ರಲ್ಲಿ ಸಾಯುವವರೆಗೂ ಬೆಳಗಾವಿ ಅವನದೇ. ಕೋಟೆಯೊಳಗಿನ ಸಫಾ ಮಸೀದಿ ಅವನು ಕಟ್ಟಿಸಿದ್ದು. ಒಳಗಿನ ಕಂಬಗಳಲ್ಲಿ ಹಳೇ ಕಾಲದ ಶಾಸನಗಳಿವೆ, ಬಂದರೆ ನೋಡಿ. ಕ್ಯಾಂಪ್ ಕಡೆ ಇರುವ ಅವನ ದರ್ಗಾಕ್ಕೆ ಈಗಲೂ ಎಲ್ಲ ಜಾತಿಯವರೂ ಹೋಗುತ್ತಾರೆ. ಪೋರ್ಚುಗೀಸರು ಇವನ ಹೆಸರು ಬರೆಯಲು ಒದ್ದಾಡಿ ಏನೇನೋ ಮಾಡಿದ್ದಾರೆ.

ಹಂಪಿ ಹುಚ್ಚ

ಈ ಕಡೆಯಿಂದ ನೋಡಿದರೆ ಕತೆ ಬೇರೆ ಥರ ಕಾಣುತ್ತದೆ. ವಿಜಯನಗರದಲ್ಲಿ ಆಗ ಅಚ್ಯುತರಾಯ. ಇಸ್ಮಾಯಿಲ್ ಸತ್ತ, ಅವನ ಮನೆಯಲ್ಲಿ ಗೊಂದಲ ಅನ್ನುವುದು ಗೊತ್ತಾಗಿದ್ದೇ ತಡ, ರಾಯಚೂರು ದೋಆಬ್‌ಗೆ ದಂಡು ತಂದ. ಮಲ್ಲು ರಾಜಿಗೆ ಬರಬೇಕಾಯಿತು. ಆರು ತಿಂಗಳಲ್ಲಿ ಕೃಷ್ಣಾ ತುಂಗಭದ್ರಾ ನಡುವಿನ ನೆಲ ಹೋಯಿತು ಅಂದರೆ ಸರದಾರರು ಸುಮ್ನೆ ಇರುತ್ತಾರಾ? ಹುಡುಗನ ನಡತೆ ಒಂದು ನೆಪ ಅಷ್ಟೇ ಅನ್ನಿಸುತ್ತದೆ ನನಗೆ.

ಗುಮ್ಮಟದ ಪಿಸುಮಾತು

ಇದು ನನಗೆ ಹೊಳೆದೇ ಇರಲಿಲ್ಲ. ಥ್ಯಾಂಕ್ಸ್.

ನಡತೆಯ ವಿಷಯಕ್ಕೇ ಬರುತ್ತೇನೆ. ನಾವೆಲ್ಲ ಹೇಳುತ್ತಿರುವ ಈ ಕತೆ ಹೆಚ್ಚಾಗಿ ಪರ್ಶಿಯನ್‌ನಲ್ಲಿ ಇತಿಹಾಸ ಬರೆದ ಫೆರಿಷ್ಟಾ ಬರೆದಿಟ್ಟದ್ದು. ಮಲ್ಲು ದೊಡ್ಡ ಮನೆತನಗಳ ಹುಡುಗರನ್ನು ಅರಮನೆಗೆ ಕಳಿಸಿ ಅಂತ ಬಲವಂತ ಮಾಡುತ್ತಿದ್ದ, ಕಿತ್ತೂರಿನ ಯೂಸುಫ್‌ನ ಮಗನನ್ನೂ ಕೇಳಿದ, ಅವನು ಕೊಡಲ್ಲ ಅಂದ, ಅಲ್ಲಿಂದ ಜಗಳ ಶುರು. ಯೂಸುಫ್ ತನ್ನ ಜಹಗೀರಿಗೆ ಹೋಗಿ ಕೂತ. ಅಜ್ಜಿಗೂ ಅಷ್ಟರಲ್ಲಿ ಸಾಕಾಗಿತ್ತು. ಇವನಿಗೆ ಹೇಳಿ ಕಳಿಸಿದಳು. ಅವನು ಬೆಳಗಾವಿಯ ಅಸದ್ ಖಾನನನ್ನು ಕೇಳಿದ, ಅವನೂ ಹೂಂ ಅಂದ. ಯೂಸುಫ್ ಕುದುರೆ ಸವಾರರ ಜೊತೆ ವಿಜಯಪುರಕ್ಕೆ ಬಂದ, ಕೋಟೆಯೊಳಗೆ ನುಗ್ಗಿದ, ಕೆಲಸ ಮುಗಿಸಿದ.

ಈಗ ಇದನ್ನು ಬರೆದವನನ್ನು ನೋಡಿ. ಫೆರಿಷ್ಟಾ ವಿಜಯಪುರಕ್ಕೆ ಬಂದದ್ದು 1589ರಲ್ಲಿ. ಮಲ್ಲು ಇಳಿದು ಐವತ್ತು ವರ್ಷಕ್ಕಿಂತ ಹೆಚ್ಚಾಗಿತ್ತು. ಅವನಿಗೆ ಅನ್ನ ಹಾಕಿದವನು ಎರಡನೇ ಇಬ್ರಾಹಿಂ. ಈ ಇಬ್ರಾಹಿಂ ಯಾರು? ಮಲ್ಲುವನ್ನು ಇಳಿಸಿ ಪಟ್ಟಕ್ಕೆ ಬಂದ ಮೊದಲನೇ ಇಬ್ರಾಹಿಂನ ಮೊಮ್ಮಗ. ಯಜಮಾನನ ತಾತ ಅಣ್ಣನ ಸಿಂಹಾಸನ ಕಿತ್ತುಕೊಂಡ ಅಂತ ಯಾರಾದರೂ ಬರೆಯುತ್ತಾರಾ? ಅಣ್ಣ ಕೆಟ್ಟವನಾಗಿದ್ದ ಅಂತಲೇ ಬರೆಯಬೇಕು.

ಇನ್ನೊಂದು. ಮಲ್ಲು ಕುಡುಕ ಅಂತಾರಲ್ಲ, ಕುಡಿತದ ವಿಷಯಕ್ಕೆ ಬಂದರೆ ಅಪ್ಪ ಇಸ್ಮಾಯಿಲನದೇ ದೊಡ್ಡ ಕತೆ ಇದೆಯಲ್ಲ. 1520ರ ರಾಯಚೂರು ಯುದ್ಧದಲ್ಲಿ ಅಮಲಿನಲ್ಲಿ ಕೃಷ್ಣಾ ನದಿ ದಾಟಿ ಕೃಷ್ಣದೇವರಾಯನ ಕೈಲಿ ಹಣ್ಣುಗಾಯಿ ನೀರುಗಾಯಿ ಆಗಿ ಬಂದ. ಆಮೇಲೆ ರಾಯಚೂರು ವಾಪಸ್ ಗೆಲ್ಲುವವರೆಗೂ ಮುಟ್ಟುವುದಿಲ್ಲ ಅಂತ ಆಣೆ ಇಟ್ಟ. ಕೃಷ್ಣದೇವರಾಯ ತೀರಿಕೊಂಡ ಮೇಲೆ ಗೆದ್ದ, ಅಸದ್ ಖಾನನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕುಡಿದ. ಇದನ್ನೆಲ್ಲ ಹೇಳುವುದೂ ಅದೇ ಫೆರಿಷ್ಟಾ. ಆದರೆ ಇಸ್ಮಾಯಿಲ್ ಬಗ್ಗೆ ಅವನ ಬಾಯಲ್ಲಿ ಬರುವುದು ಏನು? ಕರುಣೆ ಇದ್ದವನು, ಕೆಟ್ಟ ಮಾತು ಆಡದವನು, 'ವಫಾಯಿ' ಅನ್ನುವ ಹೆಸರಲ್ಲಿ ಕವಿತೆ ಬರೆದವನು. ಅಪ್ಪ ಕುಡಿದರೆ ರಸಿಕ, ಮಗ ಕುಡಿದರೆ ಲಫಂಗ.

ನಿವೃತ್ತ ಮೇಷ್ಟ್ರು

ನಿಲ್ಲಿ, ಸ್ವಲ್ಪ ನಿಧಾನ. ಗೆದ್ದವರು ಬರೆದ ಇತಿಹಾಸ ಅನ್ನುವ ಮಾತು ಈಗ ಎಲ್ಲದಕ್ಕೂ ಹಚ್ಚುವ ಮುಲಾಮು ಆಗಿಬಿಟ್ಟಿದೆ. ಅದನ್ನು ಹಚ್ಚಿದ ತಕ್ಷಣ ಸೋತವನು ಒಳ್ಳೆಯವನಾಗಿಬಿಡುವುದಿಲ್ಲ.

ಇವನ ವಿರುದ್ಧ ನಿಂತವರು ಯಾರು? ಸಾಕಿದ ಅಜ್ಜಿ. ಪಟ್ಟ ಕಟ್ಟಿದ ಅಸದ್ ಖಾನ್. ಇಬ್ಬರೂ ಇವನಿಂದ ಲಾಭ ಪಡೆಯಬಹುದಾಗಿದ್ದವರು. ಚಿಕ್ಕ ಹುಡುಗ ಗದ್ದುಗೆಯಲ್ಲಿ ಇದ್ದರೆ ಅವರಿಬ್ಬರಿಗೇ ಅನುಕೂಲ ಅಲ್ಲವೇ? ಆದರೂ ಬೇಡ ಅಂದರು ಅಂದರೆ ಏನೋ ಇರಲೇಬೇಕು. ನೀವು ಅಜ್ಜಿಯನ್ನು ದೊಡ್ಡವಳು ಮಾಡುವ ಭರದಲ್ಲಿ ಯೂಸುಫ್‌ನ ಮಗನನ್ನು ಮರೆತಿರಿ. ಆ ಹುಡುಗನ ಮನೆಯವರಿಗೆ ಇದು ರಾಜಕೀಯ ಆಗಿರಲಿಲ್ಲ.

ಗುಮ್ಮಟದ ಪಿಸುಮಾತು

ಒಪ್ಪಿದೆ ಸರ್. ಆ ಹುಡುಗನ ಕಡೆಯಿಂದ ನಾನು ಯೋಚಿಸಿಯೇ ಇರಲಿಲ್ಲ. ಮಲ್ಲು ಒಳ್ಳೆಯವನು ಅಂತ ನಾನು ಹೇಳುತ್ತಿಲ್ಲ. ಅಲು ಖಾನ್ ಏನು ಮಾಡಿದ್ದ ಅಂತ ಮಾತ್ರ ಕೇಳುತ್ತಿದ್ದೇನೆ. ನಡತೆಗೆ ಶಿಕ್ಷೆ ಅಂದರೆ ಒಬ್ಬನಿಗೆ ಸಾಕಿತ್ತು. ಇಬ್ಬರ ಕಣ್ಣೂ ಹೋಗಿದೆ ಅಂದರೆ ಅದು ಶಿಕ್ಷೆಯಲ್ಲ, ಇಬ್ರಾಹಿಂಗೆ ದಾರಿ ಸವರಿದ್ದು. ಕುರುಡನನ್ನು ಯಾರೂ ಪಟ್ಟಕ್ಕೆ ಕೂರಿಸುವುದಿಲ್ಲ, ಅಷ್ಟೇ ಲೆಕ್ಕ. ಅಜ್ಜಿ ಅದನ್ನು ಕೂತು ಲೆಕ್ಕ ಹಾಕಿದಳು.

ಶಹಾಪುರದವನು

ಎರಡು ದಿನ ಕೆಲಸದಲ್ಲಿ ಬಿದ್ದಿದ್ದೆ, ಈಗ ಎಲ್ಲ ಓದಿದೆ. ನಮ್ಮ ತಾಲೂಕಿನ ಕತೆ ಒಂದನ್ನು ಪಕ್ಕದಲ್ಲಿಟ್ಟು ನೋಡಿ.

1397. ಕಲಬುರಗಿಯಲ್ಲಿ ಬಹಮನಿ ಸುಲ್ತಾನ ಘಿಯಾಸುದ್ದೀನ್, ಹದಿನೇಳರ ಹುಡುಗ. ತಗಲ್ಚಿನ್ ಅನ್ನುವ ತುರ್ಕ ಗುಲಾಮ ಅಲ್ಲಿ ದೊಡ್ಡ ಮನುಷ್ಯ. ಸುಲ್ತಾನನಿಗೆ ಅವನ ಮಗಳ ಮೇಲೆ ಮನಸ್ಸಾಯಿತು. ತಗಲ್ಚಿನ್ ಸುಲ್ತಾನನನ್ನು ಮನೆಗೆ ಊಟಕ್ಕೆ ಕರೆದ, ಕುರುಡು ಮಾಡಿದ, ಸಗರ ಕೋಟೆಗೆ ತಳ್ಳಿದ. ಆಳಿದ್ದು ಎರಡು ತಿಂಗಳೂ ಇಲ್ಲ. ಇದನ್ನೂ ಹೇಳುವುದು ಫೆರಿಷ್ಟಾನೇ.

ಹುಡುಗ ಸುಲ್ತಾನ, ಯಾರದೋ ಮಗು ಬೇಕು ಅಂತ ಹಟ, ಸಿಟ್ಟಾದ ತುರ್ಕ, ಹೋದ ಕಣ್ಣು. ಎರಡು ಕತೆಗೂ ಒಂದೇ ಅಚ್ಚು. ಸುಳ್ಳು ಅಂತ ಹೇಳುತ್ತಿಲ್ಲ. ಆದರೆ ಇಂಥ ಕತೆ ಹೇಳಲು ಒಂದು ಸಿದ್ಧ ಮಾದರಿ ಇತ್ತು ಅನ್ನಿಸುವುದಿಲ್ವಾ? ಅಂದಹಾಗೆ ಸಗರವೂ ಗೋಗಿಯೂ ಎರಡೂ ನಮ್ಮ ಶಹಾಪುರ ತಾಲೂಕೇ. ಸುಲ್ತಾನರು ಕುರುಡಾಗಿಯೋ ಸತ್ತೋ ಕೊನೆಗೆ ನಮ್ಮ ಕಡೆಗೇ ಬರುತ್ತಿದ್ದರು!

ನಿವೃತ್ತ ಮೇಷ್ಟ್ರು

ಶಹಾಪುರದವರೇ, ಇದು ಬಲವಾದ ಮಾತು. ಘಿಯಾಸುದ್ದೀನನ ನಂತರ ಬಂದ ಶಂಸುದ್ದೀನನೂ ಕೆಲವೇ ತಿಂಗಳಿದ್ದ. ಅವನನ್ನು ಇಳಿಸಿ ಬಂದವನು ಫಿರೋಜ್ ಶಾಹ. ನಾನು ಪೂರ್ತಿ ಸೋತಿಲ್ಲ, ಆದರೆ ಅರ್ಧ ಹೆಜ್ಜೆ ಹಿಂದೆ ಸರಿದಿದ್ದೇನೆ ಅಂತ ಬರೆದುಕೊಳ್ಳಿ.

ಸುಮ್ನೆ ಓದುಗ

ಗೋವಾದಲ್ಲಿ ಮೀಲೆ ಖಾನ್ ಅಂತ ಒಬ್ಬ ಆದಿಲ್‌ಶಾಹಿ ರಾಜಕುಮಾರ ಇದ್ದನಂತೆ, ಪೋರ್ಚುಗೀಸರ ಹತ್ತಿರ. ಅವನೇ ಈ ಮಲ್ಲು ತಪ್ಪಿಸಿಕೊಂಡು ಹೋಗಿದ್ದಾ? ಮೀಲೆ, ಮಲ್ಲು... ಕೇಳೋಕೆ ಒಂದೇ ಥರ ಇದೆ.

ದಾದಿಯ ಮೊಮ್ಮಗಳು

ಅಲ್ಲ. ಪೋರ್ಚುಗೀಸರ ಪ್ರಕಾರ ಅವನು ಯೂಸುಫ್‌ನ ಮಗ ಅಲಿ. ಫೆರಿಷ್ಟಾ ಅವನ ಜಾಗದಲ್ಲಿ ಅಬ್ದುಲ್ಲಾ ಅಂತ ಇಬ್ರಾಹಿಂನ ತಮ್ಮನ ಹೆಸರು ಹೇಳುತ್ತಾನೆ. ಯಾರ ಮಾತು ಹಿಡಿದರೂ ಮಲ್ಲು ಅಲ್ಲ. ಕಣ್ಣಿಲ್ಲದವನನ್ನು ಎದುರಾಳಿ ಅಂತ ನಿಲ್ಲಿಸಿ ಪೋರ್ಚುಗೀಸರಿಗೆ ಏನು ಪ್ರಯೋಜನ? ಮೀಲೆಯನ್ನು ಅವರು ವರ್ಷಗಟ್ಟಲೆ ಜೇಬಿನಲ್ಲಿಟ್ಟುಕೊಂಡು, ಬೇಕಾದಾಗ ತೆಗೆದು ವಿಜಯಪುರದವರಿಗೆ ತೋರಿಸಿ ಹೆದರಿಸುತ್ತಿದ್ದರು. ಅವನ ಮಗಳು ಅಲ್ಲೇ ಕ್ರೈಸ್ತಳಾಗಿ ಪೋರ್ಚುಗೀಸನನ್ನು ಮದುವೆಯಾದಳು.

ಹೆಣ್ಣುಮಕ್ಕಳ ಮಾತು ಬಂತು ಅಂತ ಹೇಳುತ್ತೇನೆ. ಮಲ್ಲುವಿನ ಸೋದರತ್ತೆ ಮರಿಯಂ, ಬೂಬೂಜಿಯ ಮಗಳು. 1524ರಲ್ಲಿ ಸೊಲ್ಲಾಪುರದಲ್ಲಿ ಅವಳನ್ನು ಅಹಮದ್‌ನಗರದ ಬುರ್ಹಾನ್ ನಿಜಾಂ ಶಾಹನಿಗೆ ಕೊಟ್ಟು ಮದುವೆ ಮಾಡಿದರು. ಸೊಲ್ಲಾಪುರ ಕೋಟೆಯನ್ನೇ ವರದಕ್ಷಿಣೆಯಾಗಿ ಕೊಡುತ್ತೇವೆ ಅಂದಿದ್ದರು ಅನ್ನುವುದು ಗಂಡಿನ ಕಡೆಯವರ ಮಾತು. ಕೊಡಲಿಲ್ಲ. ಮರುವರ್ಷವೇ ಯುದ್ಧ. ಆ ಜಗಳ ಮಕ್ಕಳ ಕಾಲಕ್ಕೂ ಬಗೆಹರಿಯಲಿಲ್ಲ. ಇನ್ನೊಬ್ಬ ಮಗಳನ್ನು ಬೇರಾರ್ ರಾಜ್ಯದ ಅರಸು ಮನೆಗೆ, ಮತ್ತೊಬ್ಬಳನ್ನು ಬೀದರಿನ ಬಹಮನಿ ಮನೆಗೆ ಕೊಟ್ಟರು. ಅಂದರೆ ಬೂಬೂಜಿ ಮೊಮ್ಮಗನನ್ನು ಇಳಿಸುವಾಗ ಸುತ್ತಲಿನ ಕೆಲವು ಅರಮನೆಗಳಲ್ಲಿ ಬೀಗರೇ ಇದ್ದರು. ಒಬ್ಬ ಬೀಗನೂ ಮಲ್ಲುವಿಗಾಗಿ ಕುದುರೆ ಹತ್ತಲಿಲ್ಲ.

ಹಂಪಿ ಹುಚ್ಚ

ಇದರ ಮುಂದಿನ ಭಾಗ ನನಗೆ ತುಂಬಾ ಇಷ್ಟ. ಇಬ್ರಾಹಿಂನನ್ನು ತಂದು ಕೂರಿಸಿದವರು ಒಬ್ಬ ತುರ್ಕ, ಒಬ್ಬ ಇರಾನಿ. ಅಂದರೆ ಹೊರಗಿನಿಂದ ಬಂದ ಆಫಾಕಿಗಳು. ಇಬ್ರಾಹಿಂ ಬಂದವನೇ ಏನು ಮಾಡಿದ? ಅಪ್ಪನ ಶಿಯಾ ಪದ್ಧತಿ ಬಿಟ್ಟು ಸುನ್ನಿ ಪದ್ಧತಿ ತಂದ. ಇಸ್ಮಾಯಿಲ್ ಇರಾನಿನ ಶಾಹನ ಕಡೆಯವರ ಥರ ಸೈನಿಕರಿಗೆಲ್ಲ ಹನ್ನೆರಡು ಮೂಲೆಯ ಕೆಂಪು ಟೋಪಿ ಹಾಕಿಸಿದ್ದ. ಅದನ್ನು ತೆಗೆಸಿದ. ಆಫಾಕಿಗಳಲ್ಲಿ ನಾನೂರು ಜನರನ್ನಷ್ಟೇ ಇಟ್ಟುಕೊಂಡು ಉಳಿದವರನ್ನು ಮನೆಗೆ ಕಳಿಸಿದ, ಆ ಜಾಗಕ್ಕೆ ಇಲ್ಲಿನವರೇ ಆದ ದಖನಿಗಳು, ಆಫ್ರಿಕಾ ಮೂಲದ ಹಬ್ಶಿಗಳು ಬಂದರು. ಲೆಕ್ಕಪತ್ರ ಪರ್ಶಿಯನ್‌ನಿಂದ ಇಲ್ಲಿನ ಭಾಷೆಗೆ ಬಂತು, ದಫ್ತರದಲ್ಲಿ ಬ್ರಾಹ್ಮಣರು ಕೂತರು.

ಕೆಲಸ ಕಳೆದುಕೊಂಡ ಆಫಾಕಿಗಳಲ್ಲಿ ಮೂರು ಸಾವಿರ ಜನರನ್ನು ನಮ್ಮ ರಾಮರಾಯ ವಿಜಯನಗರಕ್ಕೆ ಸೇರಿಸಿಕೊಂಡ. ಅವರು ದರ್ಬಾರಿನಲ್ಲಿ ಸಲಾಂ ಮಾಡಲು ಮುಜುಗರ ಪಡಬಾರದು ಅಂತ ಮುಂದೆ ಕುರಾನ್ ಇರಿಸುತ್ತಿದ್ದನಂತೆ.

ಕುಂದಾ ಪ್ರಿಯ

ಆ ನಾನೂರು ಜನರಲ್ಲಿ ನಮ್ಮ ಅಸದ್ ಖಾನ್ ಉಳಿದ. ಉಳಿದರೇನು, ಅವನ ಮೇಲೆ ಇಬ್ರಾಹಿಂಗೆ ಅನುಮಾನ ತಪ್ಪಲೇ ಇಲ್ಲ. ಒಬ್ಬನನ್ನು ಇಳಿಸಿದವನು ನನ್ನನ್ನೂ ಇಳಿಸಬಹುದು ಅನ್ನುವ ಭಯ ಇದ್ದೇ ಇರುತ್ತದಲ್ಲ.

ಗುಮ್ಮಟದ ಪಿಸುಮಾತು

ಮೇಷ್ಟ್ರ ಮಾತು ಸರಿ ಅಂತಲೇ ಇಟ್ಟುಕೊಂಡರೂ ಒಂದು ಲೆಕ್ಕ ನೋಡಿ. 1510ರಲ್ಲಿ ಅಪ್ಪನೇ ಹುಡುಗ. ಹಾಗಾದರೆ 1534ರಲ್ಲಿ ಮಲ್ಲುವಿಗೆ ಎಷ್ಟು ವಯಸ್ಸು? ಈಗಿನ ಲೆಕ್ಕದಲ್ಲಿ ಪಿಯುಸಿ ಅಥವಾ ಡಿಗ್ರಿ ಓದುವ ಹುಡುಗ. ಅಪ್ಪ ದಂಡಿನಲ್ಲಿ ಸತ್ತ, ಹೆಣದ ಮುಖ ಎಲ್ಲರ ಎದುರು ನೋಡುವ ಹಾಗೂ ಇಲ್ಲ. ಒಂದು ಕಡೆ ಅಚ್ಯುತರಾಯ, ಇನ್ನೊಂದು ಕಡೆ ಅರ್ಧಕ್ಕೆ ಬಿಟ್ಟ ಗೋಲ್ಕೊಂಡದ ಯುದ್ಧ. ಅಸದ್ ಖಾನ್ ಬೆಳಗಾವಿಗೆ ಹೋಗಿ ಕೂತ. ಇವನು ಕೆಟ್ಟವನೇ ಇರಬಹುದು. ಆದರೆ ಕಲಿಯಲು ಸಿಕ್ಕಿದ್ದು ಆರೇ ತಿಂಗಳು.

ಬೂಬೂಜಿಗೆ ಹುಡುಗ ದೊರೆಗಳ ಅನುಭವ ಹೊಸದಲ್ಲ. ಇಸ್ಮಾಯಿಲನನ್ನು ಬಿಲ್ಲು ಹಿಡಿದು ಉಳಿಸಿಕೊಂಡಳು. ಇವನನ್ನು ಉಳಿಸಿಕೊಳ್ಳಬೇಕು ಅನ್ನಿಸಲಿಲ್ಲ. ಆಗ ಒಬ್ಬನೇ ಮಗ, ಈಗ ಮೊಮ್ಮಕ್ಕಳು ನಾಲ್ವರು ಇದ್ದರು.

ದಾದಿಯ ಮೊಮ್ಮಗಳು

ಈ ಕೊನೇ ಸಾಲು ಓದಿ ಮೈ ಜುಂ ಅಂತು. ನನ್ನ ದಾದಿಗೂ ಮೊಮ್ಮಕ್ಕಳು ಒಂಬತ್ತು ಜನ, ಇವತ್ತು ರಾತ್ರಿ ಒಂದು ಫೋನ್ ಮಾಡಿ ಚೆನ್ನಾಗಿ ಮಾತಾಡಿಸಿಬಿಡುತ್ತೇನೆ.

ಗುಮ್ಮಟದ ಪಿಸುಮಾತು

😄 ಮೊದಲು ಮಾಡಿ.

ಶಹಾಪುರದವರೇ, ಗೋಗಿ ನೋಡಬೇಕು ಅನ್ನಿಸಿದೆ. ಹೇಗಿದೆ ಅಲ್ಲಿ?

ಶಹಾಪುರದವನು

ಗೋಳಗುಮ್ಮಟ ನೋಡಿದ ಕಣ್ಣಿಗೆ ನಿರಾಸೆ ಆಗಬಹುದು, ಮೊದಲೇ ಹೇಳಿಬಿಡುತ್ತೇನೆ. ಚಂದಾ ಹುಸೇನಿ ದರ್ಗಾದ ಆವರಣದಲ್ಲಿ ಗೋರಿಗಳಿವೆ. ಯೂಸುಫ್, ಇಸ್ಮಾಯಿಲ್, ಇಬ್ರಾಹಿಂ, ತಾತ ಮಗ ಮೊಮ್ಮಗ ಮೂವರೂ ಅಲ್ಲೇ. ಗುಮ್ಮಟ ಗಿಮ್ಮಟ ಏನೂ ಇಲ್ಲ. ಗುರುವಿನ ಹತ್ತಿರ ಮಲಗಿದರೆ ಸಾಕು ಅನ್ನುವ ಹಾಗೆ ಸಾದಾ. ಊರಿನವರು ಹೋಗುವುದು ದರ್ಗಾಕ್ಕೆ, ಸುಲ್ತಾನರಿಗಾಗಿ ಅಲ್ಲ. ಮುಂದಿನ ಅರಸರು ವಿಜಯಪುರದಲ್ಲೇ ದೊಡ್ಡ ದೊಡ್ಡ ರೋಜಾ, ಅಂದರೆ ಗೋರಿ ಕಟ್ಟಡ, ಕಟ್ಟಿಸಿಕೊಂಡ ಮೇಲೆ ಇಲ್ಲಿಗೆ ಯಾರೂ ಬರಲಿಲ್ಲ.

ಭಾನುವಾರ ಬನ್ನಿ, ಶಹಾಪುರ ಬಸ್‌ಸ್ಟ್ಯಾಂಡಿಗೆ ಬೈಕ್ ತರುತ್ತೇನೆ. ಬೆಳಿಗ್ಗೆ ಗೋಗಿ, ಆಮೇಲೆ ಸಗರ. ಅಪ್ಪನನ್ನೂ ಕರೆತಂದರೆ ಮೊದಲೇ ಹೇಳಿ, ಕಾರಿಗೆ ಗೆಳೆಯನನ್ನು ಕೇಳುತ್ತೇನೆ. ನಮ್ಮ ಕಡೆ ಬಿಸಿಲು ಗೊತ್ತಲ್ಲ, ಟೋಪಿ ಮರೆಯಬೇಡಿ. ಹನ್ನೆರಡು ಮೂಲೆಯದ್ದೇ ಆಗಬೇಕಂತಿಲ್ಲ.